ಅಕ್ಕನ ಹಸೆಮಣಿ ಮ್ಯಾಲ ಜಾರಿದ್ದು

ಕೇಳ್ರಿಲ್ಲೆ ಗೆಳೆಯರ, ಇವತ್ತು ಹಿರೇಕೆರೂರಾಗ ಅಕ್ಕನ ಮನಿಗೆ ಹೋಳಗಿ ಉಣ್ಣಾಕ ಹೋಗಿ ನನ್ನ ಬಾಯಿಂದ ನಾನ ಸಿಕ್ಕೊಂಡೆ.

ಅಕ್ಕನ ಮೊಮ್ಮಗಳು ಏಳು ವರ್ಷದಾಕಿ. ಮೊಬೈಲ್‌ನಾಗ ಹಿಮದ ಮ್ಯಾಲ ಹಲಗಿ ಹತ್ತಿ ಜಾರೋ ಹುಡುಗ್ರನ್ನ ನೋಡಿ, "ಸಣ್ಣಜ್ಜಿ, ನನಗ ಎಂಥಾ ಹಲಗಿ ತಗೋಬೇಕು?" ಅಂತ ಕೇಳಿದ್ಲು.

ನನಗ ಗೊತ್ತಿದ್ದ ವಿಷಯ, ಹೇಳೇಬಿಟ್ಟೆ. "ಎಂಬತ್ತರ ಸುಮಾರಿಗೆ ನಾವು ಹಂಸಭಾವಿ ಕೆರಿ ಏರಿಯಿಂದ ಊಟದ ಮಣಿ ಮ್ಯಾಲ ಕುಂತು ಜಾರತಿದ್ವಿ. ಮಣಿ ಸಣ್ಣದಾದ್ರ ಕಾಲು ನೆಲಕ್ಕ ತಾಗತಾವ. ತಳಕ್ಕ ಪಟ್ಟಿ ಬಡದದ್ದು ಹುಲ್ಲಿಗೆ ಸಿಕ್ಕೊಂತೈತಿ. ಉದ್ದಂದು, ನುಣ್ಣಂದು ಬೇಕು. ನಿಮ್ಮಜ್ಜಿ ಮದವಿಗೆ ಮಾಡಿಸಿದ್ದ ಹಸೆಮಣಿ ಹಂಗ ಇತ್ತು ನೋಡು, ಹಾರಿಕೊಂಡ ಹೋತು! ಕೆಳಗ ಕಲ್ಲಿಗೆ ಬಡದು ಸ್ವಲ್ಪ ಸೀಳಿತು, ಅಷ್ಟ."

ತುಪ್ಪ ಹಾಕಾಕತ್ತಿದ್ದ ಅಕ್ಕನ ಕೈ ನಿಂತಿತು.

"ಮದವಿ ದಿನ ನಾ ಅದರ ಮ್ಯಾಲ ನಿಂತಾಗ ಕಾಲಬುಡಕ ಲಟ್ ಅಂದಿದ್ದು ಅದಕ್ಕನಾ? ಹುಡುಗಿ ಭಾಳ ದಪ್ಪ ಅಂತ ಬೀಗರೆಲ್ಲಾ ನಕ್ಕಿದ್ರಲ್ಲ! ಅವತ್ತಿಂದ ನಾ ಎರಡನೇ ಹೋಳಗಿ ಮುಟ್ಟಿಲ್ಲ."

"ನನಗಾಗ ಒಂಬತ್ತು ವರ್ಷ, ಅಕ್ಕಾ," ಅಂದೆ.

ಅಕ್ಕ ನನ್ನ ತಾಟಿನಾಗಿದ್ದ ಎರಡೂ ಹೋಳಗಿ ಎತ್ತಿ ತನ್ನ ತಾಟಿಗೆ ಹಾಕ್ಕೊಂಡು, ಮ್ಯಾಲ ತುಪ್ಪ ಸುರುವಿಕೊಂಡು, ನನ್ನನ್ನ ನೋಡಕೋತ ತಿಂದ್ಲು.

ಈಗ ಮನಿಗೆ ಬಂದು ನಿನ್ನಿ ರೊಟ್ಟಿ ಮುರಕೋತ ಇದನ್ನ ಬರ್ಯಾಕತ್ತೇನಿ. ನಲವತ್ತು ವರ್ಷದ ಹೋಳಗಿ ಬಾಕಿ ಅದಾವ, ಎರಡಕ್ಕ ಮುಗಿಯೂವಲ್ಲ.