ಹಾಲಿನ ಪುಡಿ ಡಬ್ಬಿಯಲ್ಲಿದ್ದ ಬೆಳ್ಳಿ

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಕಣ್ಣಿನ ಆಪರೇಷನ್ ಆಗಲಿ ಎಂದು ಒಮ್ಮೆ ಮುಂದೆ ಹಾಕಿದೆ, ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದು ಇನ್ನೊಮ್ಮೆ. ಈ ಪತ್ರಿಕೆಯ ಈ ಪುಟದಲ್ಲಿ ಬಹಳ ಮಂದಿ ತಮಗೆ ಯಾರೋ ಮಾಡಿದ ಉಪಕಾರವನ್ನು ನೆನೆದು ಬರೆಯುತ್ತಾರೆ. ನಾನು ಒಬ್ಬರಿಗೆ ಮಾಡಿದ ದ್ರೋಹವನ್ನು ಬರೆಯುತ್ತಿದ್ದೇನೆ.

ಕೊರೊನಾ ಬರುವುದಕ್ಕೆ ಎರಡು ವರ್ಷ ಮೊದಲಿನ ಚಳಿಗಾಲ. ನಾನು ಕತಾರಿನಲ್ಲಿ ನೀರಿನ ಪೈಪು ಹಾಕುವ ಒಂದು ಕಂಪೆನಿಯಲ್ಲಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಹೆಲ್ಪರ್ ಆಗಿ ಹೋದವನಿಗೆ ಬಹಳ ವರ್ಷಗಳ ಮೇಲೆ ಮೆಟಲ್ ಡಿಟೆಕ್ಟರ್ ಕೈಗೆ ಕೊಟ್ಟಿದ್ದರು. ನೆಲ ಅಗೆಯುವ ಮೊದಲು ಅದನ್ನು ಹಿಡಿದು ನಾನು ನಡೆಯಬೇಕು. ಅಡಿಯಲ್ಲಿ ಹಳೆಯ ಕೇಬಲ್ಲೋ ಪೈಪೋ ಇದ್ದರೆ ಕಿವಿಯ ಹೆಡ್‌ಫೋನಿನಲ್ಲಿ ಶಬ್ದ ಬರುತ್ತದೆ. ಅಲ್ಲಿ ಕೆಂಪು ಬಣ್ಣದಿಂದ ಗುರುತು ಹಾಕಬೇಕು. ನನ್ನ ಹಿಂದೆ ಮಣ್ಣು ಅಗೆಯುವ ದೊಡ್ಡ ಯಂತ್ರ ಬರುತ್ತಿತ್ತು. ಅದಕ್ಕೆ ನಾವು ಶೋವೆಲ್ ಎನ್ನುತ್ತಿದ್ದೆವು. ಅದನ್ನು ನಡೆಸುತ್ತಿದ್ದವರು ವಿಟ್ಲದ ಕಡೆಯ ಬ್ಯಾರಿ, ನನಗಿಂತ ಎರಡು ವರ್ಷ ದೊಡ್ಡವರು, ನನ್ನ ರೂಮಿನವರೇ. ಇಡೀ ಕ್ಯಾಂಪಿಗೆ ಅವರು ಶೋವೆಲ್ ಕಾಕ. ನಾನು ಪುತ್ತೂರಿನ ಕಡೆಯ ಅಕ್ಕಸಾಲಿಗರ ಮನೆಯವನು. ಅವರಿಗೆ ನಾನು ಆಚಾರ್ರು.

ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮೊದಲು ಸೇಫ್ಟಿ ಆಫೀಸರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಬುದ್ಧಿ ಹೇಳುತ್ತಿದ್ದರು. ಅದನ್ನು ಹೊಸಬರಿಗೆ ಹಿಂದಿಯಲ್ಲಿ ಹೇಳುವ ಕೆಲಸ ನನ್ನದು. ಹಳೆಯ ಕಾಲದ ವಸ್ತು ಏನೇ ಸಿಕ್ಕಿದರೂ ಕೈ ಹಾಕಬೇಡಿ, ಕೆಲಸ ನಿಲ್ಲಿಸಿ ತಿಳಿಸಿ, ಅದು ಸರಕಾರದ್ದು ಎಂದು ಎಷ್ಟೋ ಸಲ ನನ್ನ ಬಾಯಿಂದಲೇ ಹೇಳಿದ್ದೆ. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಆ ದಿನ ಉಮ್ಮ್ ಸಲಾಲ್ ಎಂಬ ಊರು ದಾಟಿ ಉತ್ತರಕ್ಕೆ, ಒಂದು ಪಾಳುಬಿದ್ದ ಮನೆಯ ಹತ್ತಿರ ಕೆಲಸ. ಮೊಣಕಾಲೆತ್ತರದ ಕಲ್ಲುಗೋಡೆ ಮಾತ್ರ ಉಳಿದಿತ್ತು. ಗೋಡೆಯ ಮೂಲೆಗೆ ಬಂದಾಗ ಕಿವಿಯಲ್ಲಿ ಶಬ್ದವಾಯಿತು. ಕೇಬಲಿನದಾದರೆ ನಾವು ನಡೆದಷ್ಟು ದೂರ ಉದ್ದಕ್ಕೆ ಕೇಳಿಸುತ್ತಿರುತ್ತದೆ. ಇದು ಒಂದೇ ಕಡೆ, ಚುರುಕಾಗಿ, ಮತ್ತೆ ಮತ್ತೆ. ಕೂತು ಕೈಯಿಂದಲೇ ಮರಳು ಬಗೆದೆ. ಒಡೆದ ಮಡಕೆ. ಅದರೊಳಗೆ ಕಪ್ಪುಗಟ್ಟಿದ ನಾಣ್ಯಗಳು, ಒಂದು ಜೊತೆ ಕಾಲ್ಕಡಗ, ಸಣ್ಣ ಗೆಜ್ಜೆಮಣಿಗಳ ಒಂದು ಕೊರಳ ಸರ. ಒಂದು ನಾಣ್ಯವನ್ನು ಉಗುರಿನಿಂದ ಕೆರೆದೆ. ಬೆಳ್ಳಿ. ಗಡ್ಡದ ರಾಜನ ತಲೆ, ಹಿಂದುಗಡೆ ನಮ್ಮ ಹಿಂದೂಸ್ತಾನದ ರೂಪಾಯಿ ಎಂಬ ಬರಹ. ಹಿಂದೆ ಆ ದೇಶದಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು ಎಂದು ಕೇಳಿದ್ದೆ. ನನ್ನ ಅಪ್ಪ ಇಂಥದ್ದೇ ರೂಪಾಯಿಗಳನ್ನು ಕರಗಿಸಿ ಊರಿನ ಹೆಂಗಸರಿಗೆ ಸೊಂಟದ ಪಟ್ಟಿ ಮಾಡಿ ಕೊಡುತ್ತಿದ್ದರು. ‘ಇದು ನಮ್ಮ ದೇಶದ್ದೇ ಅಲ್ಲವೇ’ ಎಂದು ಮನಸ್ಸಿಗೆ ಬಂತು. ಅದೊಂದು ನೆಪ ಸಾಕಾಯಿತು.

"ಎಂಥ ಆಚಾರ್ರೇ, ಅಲ್ಲಿಯೇ ನಮಾಜಿಗೆ ಕೂತ್ರಾ?" ಕಾಕ ಶೋವೆಲ್ ಮೇಲಿಂದ ಕೂಗಿದರು.

"ಏನಿಲ್ಲ ಕಾಕ. ಹಳೇ ತಗಡು."

"ತಗಡಿಗೆ ಇಷ್ಟು ಹೊತ್ತಾ? ಯಲ್ಲಾ, ಬೇಗ ಬೇಗ, ಬಿಸಿಲು ಏರ್ತದೆ!"

ಡಿಟೆಕ್ಟರಿನ ಚೀಲಕ್ಕೆ ಎಲ್ಲವನ್ನೂ ತುಂಬಿಕೊಂಡು ಎದ್ದೆ. ನನಗೇನೂ ಕಷ್ಟವಿರಲಿಲ್ಲ. ಮಗಳ ಮದುವೆಯಾಗಿತ್ತು, ಮನೆ ಕಟ್ಟಿಯಾಗಿತ್ತು. ಬರೀ ಆಸೆ.

ಅವತ್ತಿನಿಂದ ನೆಮ್ಮದಿ ಹೋಯಿತು. ರೂಮಿನಲ್ಲಿ ನಾಲ್ಕು ಜನ. ಯಾರಾದರೂ ಬೆಳ್ಳಿ ಇಟ್ಟ ನನ್ನ ಕಪಾಟಿನ ಹತ್ತಿರ ನಿಂತರೆ ಏನಾದರೂ ನೆಪ ಮಾಡಿ ನಾನೂ ಹೋಗಿ ನಿಲ್ಲುತ್ತಿದ್ದೆ. ಅಲ್ಲಿನ ಪೇಟೆಗೆ, ಸೂಕಿಗೆ, ಒಯ್ದು ಮಾರುವ ಹಾಗಿರಲಿಲ್ಲ. ಅಂಗಡಿಯವನು ಮೊದಲು ಕೇಳುವುದೇ ಎಲ್ಲಿಂದ ತಂದೆ ಎಂದು. ಹೇಗಾದರೂ ಊರಿಗೆ ದಾಟಿಸಬೇಕು ಎನ್ನುವುದೊಂದೇ ಯೋಚನೆ.

ಆಗಲೇ ಕಾಕ ಊರಿಗೆ ಹೊರಟರು. ಕೊನೆಯ ಮಗಳ ನಿಕಾಹ್. ನಮ್ಮಲ್ಲಿ ಒಬ್ಬರು ಊರಿಗೆ ಹೋಗುತ್ತಾರೆಂದರೆ ರೂಮಿನವರೆಲ್ಲ ಒಂದೆರಡು ಕಿಲೋ ಸಾಮಾನು ಕೊಡುವುದು ವಾಡಿಕೆ. ಕೊಂಡೊಯ್ಯುವವರು ಕಟ್ಟು ಬಿಚ್ಚಿ ನೋಡುವುದಿಲ್ಲ. ನೋಡಿದರೆ ಅದು ಕೊಟ್ಟವನಿಗೆ ಅವಮಾನ. ಒಳಗೆ ಏನಿದೆ ಎಂದು ಬಾಯಿಮಾತಿನಲ್ಲಿ ಕೇಳಿದರೆ ಅಷ್ಟೇ ಹೆಚ್ಚು.

ನಾನು ಹಾಲಿನ ಪುಡಿಯ ದೊಡ್ಡ ಡಬ್ಬಿ ತಂದೆ. ವರ್ಕ್‌ಶಾಪಿನಲ್ಲಿ ಯಾರೂ ಇಲ್ಲದಾಗ ಅದರ ತಳ ಬಿಡಿಸಿ, ಅರ್ಧ ಪುಡಿ ತೆಗೆದು, ಬೆಳ್ಳಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು, ತಳವನ್ನು ಮತ್ತೆ ಬೆಸೆದೆ. ಹತ್ತನೆಯ ವಯಸ್ಸಿನಲ್ಲಿ ಅಪ್ಪನ ಪಕ್ಕ ಕೂತು ಕಲಿತ ಬೆಸುಗೆ. ಬೆರಳಿನಿಂದ ಸವರಿದರೂ ತಿಳಿಯುತ್ತಿರಲಿಲ್ಲ.

ಕಾಕ ತಕ್ಕಡಿಯ ಕೊಕ್ಕೆಗೆ ಒಂದೊಂದೇ ಕಟ್ಟು ನೇತುಹಾಕುತ್ತಿದ್ದರು.

"ಇದ್ರಲ್ಲಿ ಎಂಥ ಉಂಟು ಆಚಾರ್ರೇ?"

"ಹಾಲಿನ ಪುಡಿ. ಮೊಮ್ಮಗಳಿಗೆ."

"ನಿಮ್ಮೂರಿನ ದನಗಳೆಲ್ಲ ಗಲ್ಫಿಗೆ ಬಂದಿದ್ದಾವಾ ಮಾರಾಯ್ರೇ?" ಎಂದು ನಕ್ಕು, ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿದರು. "ಭಾರ ಉಂಟಲ್ಲ."

"ದೊಡ್ಡ ಡಬ್ಬಿ ಅಲ್ವಾ ಕಾಕ."

"ಆಯ್ತು. ಮಗುವಿನದ್ದು, ಬೇಡ ಅನ್ಲಿಕ್ಕೆ ಆಗ್ತದಾ." ತಾವೂ ಮನೆಗೆಂದು ಅದೇ ಗುರುತಿನ, ಅದೇ ಗಾತ್ರದ ಡಬ್ಬಿ ತಂದಿದ್ದರು. ಪೆಟ್ಟಿಗೆಯಲ್ಲಿ ಜಾಗ ಸಾಲದೆ, ನನ್ನ ಡಬ್ಬಿಗೆ ಹೊರಗಿನಿಂದ ಸುತ್ತಿದ್ದ ಬಟ್ಟೆ ತೆಗೆದು ಎರಡನ್ನೂ ಕೈಚೀಲದಲ್ಲಿ ಒಟ್ಟಿಗೆ ಇಟ್ಟುಕೊಂಡರು. ಬಟ್ಟೆಯ ಮೇಲೆ ನನ್ನ ಹೆಸರಿತ್ತು. ಡಬ್ಬಿಯ ಮೇಲೆ ಇರಲಿಲ್ಲ.

ಮಧ್ಯಾಹ್ನದ ವಿಮಾನ. ಕಂಪೆನಿಯ ಪಿಕಪ್‌ನಲ್ಲಿ ಅವರನ್ನು ಬಿಡಲು ನಾನೇ ಹೋದೆ. ದಾರಿಯುದ್ದಕ್ಕೂ ಅವರಿಗೆ ಮದುವೆಯದೇ ಮಾತು. "ನಿಕಾಹಿನಲ್ಲಿ ಅಳಿಯನ ಕೈ ಹಿಡಿದು ಮಗಳನ್ನು ಒಪ್ಪಿಸುವುದು ಅಪ್ಪನೇ ಆಚಾರ್ರೇ. ಎರಡು ಮಕ್ಕಳದ್ದಕ್ಕೆ ರಜೆ ಸಿಗ್ಲಿಲ್ಲ, ನನ್ನ ತಮ್ಮನೇ ನಿಂತ. ಇವಳದ್ದಕ್ಕಾದ್ರೂ ನಾನು ಇರ್ಬೇಕು" ಎಂದರು.

ಅವರು ಒಳಗೆ ಹೋದ ಮೇಲೆ ಪಾರ್ಕಿಂಗ್‌ನಲ್ಲೇ ಕಾದೆ. ತಪಾಸಣೆ ದಾಟಿದ ಕೂಡಲೇ ಫೋನ್ ಮಾಡುತ್ತೇನೆ ಎಂದಿದ್ದರು. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಕೊನೆಗೆ ಫೋನ್ ಬಂತು.

"ಆಚಾರ್ರೇ, ನನ್ನನ್ನು ನಿಲ್ಲಿಸಿದ್ದಾರೆ. ನಿಮ್ಮ ಡಬ್ಬಿ ಕತ್ತರಿಸಿದ್ರು. ಒಳಗೆ ಎಂಥದೋ ನಾಣ್ಯ ಎಲ್ಲ ಉಂಟು. ನೀವು ಸ್ವಲ್ಪ ಬಾಗಿಲಿಗೆ ಬಂದು, ಇದು ನನ್ನದು, ಹೀಗೆ ಹೀಗೆ ಅಂತ ಹೇಳಿ. ಇನ್ನೂ ಹೊತ್ತುಂಟು, ವಿಮಾನ ಸಿಗ್ತದೆ."

ಅವರ ದನಿಯಲ್ಲಿ ನನ್ನ ಮೇಲೆ ಒಂದಿಷ್ಟೂ ಸಂಶಯವಿರಲಿಲ್ಲ.

"ಬಂದೆ ಕಾಕ. ಎರಡು ನಿಮಿಷ" ಎಂದೆ.

ಗಾಡಿಯಿಂದ ಇಳಿದು ಬಾಗಿಲಿನವರೆಗೆ ಹೋದದ್ದು ನಿಜ. ಗಾಜಿನ ಆಚೆ ಸಮವಸ್ತ್ರದವರು ಕಂಡರು. ಹಿಂದಕ್ಕೆ ಬಂದು ಗಾಡಿ ಹತ್ತಿದೆ. ಪಕ್ಕದ ಸೀಟಿನಲ್ಲಿ ಫೋನ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಪರದೆಯ ಮೇಲೆ ‘ಕಾಕ’ ಎಂದು ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಕ್ಯಾಂಪಿನ ಗೇಟು ಮುಟ್ಟುವ ಮೊದಲು ಅದು ನಿಂತಿತು.

ಮೂರನೆಯ ದಿನ ಪೊಲೀಸರು ನಮ್ಮ ರೂಮಿನವರನ್ನು ಒಬ್ಬೊಬ್ಬರಾಗಿ ಕರೆಸಿದರು. ಉಳಿದಿಬ್ಬರು, ತಾವು ಖರ್ಜೂರ, ಬಟ್ಟೆ ಕೊಟ್ಟದ್ದು ಎಂದು ಹೇಳಿ ಬಂದರು. ನಾನು ಹೋದಾಗ ಕಾಕ ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದರು. ಗಡ್ಡ ಬೆಳೆದಿತ್ತು. ಮದುವೆಗೆಂದು ಹೊಲಿಸಿಕೊಂಡಿದ್ದ ಬಿಳಿ ಅಂಗಿ ಮುದ್ದೆಯಾಗಿತ್ತು. ಕತ್ತರಿಸಿದ ಡಬ್ಬಿ ಮೇಜಿನ ಮೇಲಿತ್ತು. ರೂಮಿನವರು ಕೊಟ್ಟದ್ದು ಎಂದಷ್ಟೇ ಅವರು ಹೇಳಿದ್ದರಂತೆ. ನನ್ನ ಹೆಸರು ಹೇಳಿರಲಿಲ್ಲ. ನಾನಾಗಿಯೇ ಹೇಳುತ್ತೇನೆಂದು ಕಾದಿದ್ದರೋ ಏನೋ.

ಅಧಿಕಾರಿ ಹಿಂದಿಯಲ್ಲಿ ಕೇಳಿದರು, "ನೀನು ಏನು ಕೊಟ್ಟಿದ್ದೆ?"

"ಹಾಲಿನ ಪುಡಿ ಸಾರ್. ನನ್ನದು ಇನ್ನೊಂದು ಡಬ್ಬಿ" ಎಂದೆ. ಇನ್ನೊಂದು ಡಬ್ಬಿ ಕಾಕ ತಮ್ಮ ಮನೆಗೆ ತಂದುಕೊಂಡದ್ದು.

ಕಾಕ ತಲೆ ಎತ್ತಿದರು. ಆ ಕೋಣೆಯಲ್ಲಿ ಬೇರೆ ಯಾರಿಗೂ ಬಾರದ ನಮ್ಮ ತುಳುವಿನಲ್ಲಿ, ಮೆಲ್ಲಗೆ, ಬೈಯದೆ ಹೇಳಿದರು: "ಆಚಾರ್ರೇ, ಈ ಬೆಸುಗೆ ನನ್ನ ಕೈಗೆ ಬರ್ತದಾ? ನಾಡಿದ್ದು ನಿಕಾಹ್. ಸತ್ಯ ಹೇಳಿ. ನಿಮಗೆ ಏನಾದ್ರೂ ಆದ್ರೆ ನಾನು ಜೊತೆಗೆ ನಿಲ್ತೇನೆ."

"ಏನು ಹೇಳುತ್ತಿದ್ದಾನೆ?" ಅಧಿಕಾರಿ ನನ್ನನ್ನೇ ಕೇಳಿದರು.

ಇಪ್ಪತ್ತು ವರ್ಷ ಬೇರೆಯವರ ಮಾತನ್ನು ಹಿಂದಿಗೆ ತಂದವನು ನಾನು. ತಡವರಿಸದೆ ಹೇಳಿದೆ: "ತಪ್ಪಾಯಿತು, ಹೇಗಾದರೂ ಬಿಡಿಸು ಅಂತ ಕೇಳುತ್ತಿದ್ದಾನೆ ಸಾರ್."

ಕಾಕನಿಗೆ ಹಿಂದಿ ಬರುತ್ತಿತ್ತು. "ಝೂಟ್ ಸಾಬ್! ಝೂಟ್!" ಎಂದು ಎದ್ದು ನಿಂತರು. ಇಬ್ಬರು ಬಂದು ಭುಜ ಒತ್ತಿ ಕೂರಿಸಿದರು. ಅವರ ಮಾತನ್ನು ಯಾರೂ ನಂಬಲಿಲ್ಲ. ಆ ಪಾಳುಮನೆಯ ಹತ್ತಿರ ಶೋವೆಲ್ ಓಡಿಸಿದವರು ಅವರು, ಚೀಲ ಅವರದು, ಸಿಕ್ಕಿದ್ದು ಅವರ ಕೈಯಲ್ಲಿ. ನನ್ನನ್ನು ಹೋಗು ಎಂದರು. ಬಾಗಿಲು ಮುಚ್ಚುವಾಗ ಅವರು ನನ್ನನ್ನು ಕರೆಯುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. "ಆಚಾರ್ರೇ... ಆಚಾರ್ರೇ..." ಅಷ್ಟೇ.

ಮಗಳ ನಿಕಾಹಿಗೆ ಮತ್ತೆ ತಮ್ಮನೇ ನಿಂತನಂತೆ. ಕಾಕ ಕೆಲವು ತಿಂಗಳು ಒಳಗಿದ್ದು, ಕೆಲಸ ಕಳೆದುಕೊಂಡು, ಮತ್ತೆ ಆ ದೇಶಕ್ಕೆ ಕಾಲಿಡಬಾರದೆಂಬ ಮೊಹರಿನೊಂದಿಗೆ ಊರು ಸೇರಿದರು. ಬೆಳ್ಳಿ ಸೇರಬೇಕಾದಲ್ಲಿ ಸೇರಿತು.

ಆ ಮೇಲೆ ನಾನು ಅಲ್ಲಿ ಎರಡು ವರ್ಷ ಇದ್ದೆ. ಬೆಳಿಗ್ಗೆಯ ಮಾತಿಗೆ ಸೇಫ್ಟಿ ಆಫೀಸರಿಗೆ ಹೊಸ ಉದಾಹರಣೆ ಸಿಕ್ಕಿತ್ತು. ನಮ್ಮಲ್ಲೇ ಒಬ್ಬ ಶೋವೆಲ್ ಆಪರೇಟರ್ ಹಳೆಯ ಬೆಳ್ಳಿ ಕದ್ದು ಸಿಕ್ಕಿಬಿದ್ದ, ಅವನ ಗತಿ ಏನಾಯಿತು ನೋಡಿ, ಎನ್ನುತ್ತಿದ್ದರು. ಹೊಸಬರು ಬಂದಾಗಲೆಲ್ಲ ಸಾಲಿನ ಮುಂದೆ ನಿಂತು ಅದನ್ನು ಹಿಂದಿಯಲ್ಲಿ ಹೇಳುತ್ತಿದ್ದವನು ನಾನು. ಒಂದು ಸಲ ಬಿಹಾರದ ಹುಡುಗನೊಬ್ಬ, "ಎಂಥ ಮನುಷ್ಯ ಚಾಚಾ ಅವನು?" ಎಂದು ಕೇಳಿದ. ನಾನು ಅಲ್ಲಿಯೇ ಮರಳಿನ ಮೇಲೆ ಕೂತೆ. ಬಿಸಿಲಿಗೆ ತಲೆ ಸುತ್ತಿತು ಎಂದು ನನ್ನನ್ನು ನೆರಳಿಗೆ ಕೂರಿಸಿ ನೀರು ಕೊಟ್ಟರು.

ಈಗ ಊರಿನಲ್ಲಿದ್ದೇನೆ. ನನ್ನ ಮನೆಯಿಂದ ವಿಟ್ಲಕ್ಕೆ ಬಸ್ಸಿನಲ್ಲಿ ಹೆಚ್ಚು ದೂರವಿಲ್ಲ. ಎರಡು ಸಲ ಹೋಗಿದ್ದೇನೆ. ಪೇಟೆಯಲ್ಲಿ ಇಳಿದು, ಚಹಾ ಕುಡಿದು, ಅದೇ ಬಸ್ಸಿಗೆ ವಾಪಸು ಬಂದಿದ್ದೇನೆ. ಎರಡನೆಯ ಸಲ ಚಹಾದಂಗಡಿಯವನಲ್ಲಿ ಕಾಕನ ಬಗ್ಗೆ ಕೇಳಿದೆ. "ಓ ಅವರಾ, ಗಲ್ಫಿನಲ್ಲಿ ಬೆಳ್ಳಿ ಕದ್ದು ಸಿಕ್ಕಿಬಿದ್ದವರು? ಇದ್ದಾರೆ, ಹೆಚ್ಚು ಹೊರಗೆ ಬರುವುದಿಲ್ಲ" ಎಂದ. ನಾನು ಲೋಟ ಕೆಳಗಿಟ್ಟು ಚಹಾದ ದುಡ್ಡು ಕೊಟ್ಟೆ. ಅಲ್ಲಿಯೂ ಸತ್ಯ ಹೇಳಲಿಲ್ಲ.

ಆ ಅಂಗಡಿಯ ಬೆಂಚಿನ ಮೇಲೆ ಈ ಪತ್ರಿಕೆ ಬಿದ್ದಿತ್ತು. ಅದನ್ನು ಕಂಡ ಮೇಲೆ ಬರೆಯದೆ ಇರಲು ಆಗಲಿಲ್ಲ. ಅಲ್ಲಿಯವರು ಇದನ್ನು ಓದಲಿ. ಬೆಳ್ಳಿ ಕದ್ದವನು ನಾನು, ಬೆಸುಗೆ ನನ್ನದು, ಸುಳ್ಳು ನನ್ನದು. ಕಾಕನ ಎದುರು ನಿಂತು ತಪ್ಪಾಯಿತು ಎಂದು ಹೇಳಲು ನನಗೆ ಇಂದಿಗೂ ಧೈರ್ಯ ಬಂದಿಲ್ಲ. ಏನನ್ನೂ ಕದಿಯದೆ ಕಳ್ಳನೆನಿಸಿಕೊಂಡು ಮನೆಯೊಳಗೆ ಕೂತ ಅವರ ಹೆಸರು ಹಸನಬ್ಬ.