ಆಪ್ಷನ್‌ಗೆ ಹಾಕಿದ ವಿಷಯ

ನಮ್ಮ ಮನೆತನದಲ್ಲಿ ಯಾರ ಅರ್ಜಿ ತುಂಬುವುದಿದ್ದರೂ ಅದು ನನ್ನ ಮೇಜಿಗೇ ಬರುತ್ತದೆ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಕಲಿಸಿ, ಕೊನೆಗೆ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ನಾನು. ಅದಕ್ಕೂ ಮೊದಲು ಕ್ರೈಸ್ತ ಸಿಸ್ಟರ್‌ಗಳ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಓದಿ, ಗಂಟೆಯ ಸದ್ದಿಗೆ ದೀಪ ಆರಿಸಿದವಳು. ಆ ಗಂಟೆ ಬಿಟ್ಟು ಎಷ್ಟೋ ವರ್ಷವಾದರೂ ಇವತ್ತಿಗೂ ಐದಕ್ಕೆ ಎಚ್ಚರವಾಗುತ್ತದೆ. ಎದ್ದ ಮೇಲೆ ಏನಾದರೂ ಒಂದನ್ನು ಸರಿ ಮಾಡದೆ ಕೂರಲಾಗುವುದಿಲ್ಲ. ಕಪಾಟು, ಕಾಗದ, ಇಲ್ಲವೇ ಯಾರದಾದರೂ ಬದುಕು.

ಅಣ್ಣನ ಮಗನದು ಅಥಣಿ ತಾಲೂಕಿನಲ್ಲಿ ದ್ರಾಕ್ಷಿ ತೋಟ. ಅವನ ಮಗಳು ನಿಪ್ಪಾಣಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿಎಸ್ಸಿ ಓದುತ್ತಿದ್ದಳು. ಫಿಜಿಕ್ಸ್, ಕೆಮಿಸ್ಟ್ರಿ, ಗಣಿತ. ಆಕೆ ಕೊನೆಯ ಸೆಮಿಸ್ಟರ್‌ಗೆ ಬಂದಾಗ ಒಂದು ದಿನ ಅವನು ಹಾರೂಗೇರಿಯ ಸಂತೆಯಿಂದ ಫೋನ್ ಮಾಡಿದ.

“ಅತ್ತಿ, ಬೆಂಗಳೂರಾಗ ಪಾದ್ರಿಗಳ ಯುನಿವರ್ಸಿಟಿ ಐತೆಂತಲ್ಲ. ಅಲ್ಲಿ ಭಾಳ ಶಿಸ್ತ ಅಂತಾರ. ಥೇಟ್ ನಿಮ್ಮಂಗ.”

“ನನ್ನಂಗ ಅಂದ್ರ?”

“ಕಡಕ್ ರಿ. ಹುಡುಗಿಗೆ ಅಲ್ಲೇ ಏನರೆ ನೋಡ್ರಿ. ಏನ್ ಓದಬೇಕು ಅನ್ನೂದು ನಿಮಗ ಬಿಟ್ಟದ್ದು.”

ನನಗೆ ಬಿಟ್ಟದ್ದು ಎಂದರೆ ಸಾಕು. ಜೆಸ್ವಿಟ್ ಪಾದ್ರಿಗಳು ನಡೆಸುವ ಆ ವಿಶ್ವವಿದ್ಯಾಲಯದ ಮಾಹಿತಿಯನ್ನೆಲ್ಲ ನೆಟ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದೆ. ಗೆರೆ ಹಾಕಿದ ದೊಡ್ಡ ಹಾಳೆಯ ಎಡಕ್ಕೆ ಎಂಎಸ್ಸಿ ವಿಷಯಗಳು, ಬಲಕ್ಕೆ ಎಂಎ ವಿಷಯಗಳು. ಎಡಕ್ಕೆ ಫಿಜಿಕ್ಸ್, ಕೆಮಿಸ್ಟ್ರಿ, ಗಣಿತ, ಸಸ್ಯಶಾಸ್ತ್ರ. ಬಲಕ್ಕೆ ಇಂಗ್ಲಿಷ್, ಇಕನಾಮಿಕ್ಸ್, ರಾಜ್ಯಶಾಸ್ತ್ರ. ಅದರ ಕೆಳಗೆ ಸಮಾಜಕಾರ್ಯ. ಪ್ರತಿಯೊಂದರ ಮುಂದೆ ಯಾರು ಅರ್ಹರು, ಪ್ರವೇಶ ಪರೀಕ್ಷೆ ಉಂಟೋ ಇಲ್ಲವೋ, ಸಂದರ್ಶನ ಯಾವಾಗ ಎಂದು ಬರೆದೆ. ಎರಡು ಬೆಳಗು ಹಿಡಿಯಿತು.

ಶನಿವಾರ ಊರಿಗೆ ಹೋಗುವಾಗ ಹುಡುಗಿ ಚಿಕ್ಕೋಡಿಯಲ್ಲಿ ಇಳಿದು ನನ್ನ ಮನೆಗೆ ಬರುತ್ತಿದ್ದಳು. ಅಜ್ಜಿಯಾದ್ದರಿಂದ ನಾನು ಆಕೆಗೆ ‘ಆಯಿ’. ಹಾಳೆಯನ್ನು ಆಕೆಯ ಮುಂದೆ ಹಾಸಿದೆ. ಚಹಾದ ಕಪ್ಪು ಹಿಡಿದೇ ನೋಡಿದಳು.

“ಆಯಿ, ಇದೊಂದಕ್ಕ ಯಾಕ ಕೆಂಪ ಗೆರಿ?”

ನೋಡಿದರೆ ಫಿಜಿಕ್ಸಿನ ಕೆಳಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ. ಯಾವಾಗ ಎಳೆದೆನೋ.

“ಗೆರಿ ಅಂದ್ರ ಗೆರಿ. ಅದಕ್ಕೇನ್ ಅರ್ಥ ಇಲ್ಲ.”

“ಹಂಗಾರ ಇಕನಾಮಿಕ್ಸ್‌ಗೂ ಒಂದ್ ಎಳೀರಿ.”

“ಮೂರ ವರ್ಷ ಸೈನ್ಸ್ ಓದಿ ಯಾರರೆ ಆರ್ಟ್ಸ್‌ಗೆ ಹೋಗ್ತಾರನ?”

“ಅದ್ರಾಗೂ ಗಣಿತ ಐತಲ್ರಿ. ನೀವ ಬರದೀರಿ ನೋಡ್ರಿ, ಯಾವ ಪದವಿ ಆದ್ರೂ ನಡೀತೈತಿ ಅಂತ.”

ನಾನು ಗಡಿಯಾರ ನೋಡಿ, ಅಥಣಿ ಬಸ್ಸಿಗೆ ಹೊತ್ತಾಯಿತು ಎಂದೆ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಯಾಕೆ ಇಕನಾಮಿಕ್ಸ್ ಎಂದು ಕೇಳಬಹುದಾಗಿತ್ತು. ಕೇಳಲಿಲ್ಲ. ಬಿಎಸ್ಸಿ ಆದ ಮೇಲೆ ನಾನೂ ಎಂಎಸ್ಸಿ ಫಿಜಿಕ್ಸ್ ಓದಬೇಕೆಂದಿದ್ದೆ. ಸೀಟೂ ಸಿಕ್ಕಿತ್ತು. ಅಷ್ಟರಲ್ಲಿ ನೌಕರಿಯ ಆದೇಶ ಬಂತು. ಮನೆಯವರು ನೌಕರಿ ಎಂದರು. ನಾನು ಸರಿ ಎಂದೆ. ಅದರ ಬಗ್ಗೆ ಯಾರ ಹತ್ತಿರವೂ ಮಾತಾಡಿದವಳಲ್ಲ. ಆದರೆ ಕೆಂಪು ಪೆನ್ನು ಮಾತಾಡಿಬಿಟ್ಟಿತ್ತು.

ಅರ್ಜಿಯ ಕೊನೆಯ ದಿನ ಬಂತು. ಹುಡುಗಿಗೆ ನಿಪ್ಪಾಣಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ನಡೆದಿತ್ತು. ಅರ್ಜಿಯಲ್ಲಿ ಮೂರು ಸಾಲು: ಒಂದನೇ ಆಪ್ಷನ್, ಎರಡನೇ ಆಪ್ಷನ್, ಮೂರನೇ ಆಪ್ಷನ್. ಒಂದನೆಯದರಲ್ಲಿ ಸೀಟು ಸಿಕ್ಕಿತೆಂದರೆ ಉಳಿದವು ತಾವಾಗಿ ರದ್ದು. ಮಧ್ಯಾಹ್ನ ಆಕೆಯ ಫೋನ್ ಬಂದಾಗ ನಾನು ನೆಟ್ ಸೆಂಟರಿನ ಮೆಟ್ಟಿಲ ಮೇಲಿದ್ದೆ. ಆಕೆ ಬಸ್ ಸ್ಟ್ಯಾಂಡಿನಲ್ಲಿದ್ದಳು. ಹಿಂದೆ ಬಸ್ಸುಗಳ ಗದ್ದಲ.

“ಆಯಿ, ಫಿಜಿಕ್ಸ್ ಆಪ್ಷನ್‌ಗೆ ಹಾಕ್ರಿ. ಇಕನಾಮಿಕ್ಸ್...”

ಮುಂದಿನದನ್ನು ಯಾವುದೋ ಬಸ್ಸಿನ ಹಾರ್ನು ನುಂಗಿತು.

“ಆತಿಲ್ರಿ ಆಯಿ?”

“ಆತು,” ಎಂದೆ.

ಒಂದು ಸೂಚನೆ ಕೊಟ್ಟರೆ ಮಕ್ಕಳಿಂದ ಎರಡು ಸಲ ಹೇಳಿಸಿ, ಆಮೇಲೆ ಕಳಿಸುತ್ತಿದ್ದವಳು ನಾನು. ಆ ದಿನ ಇನ್ನೊಮ್ಮೆ ಹೇಳು ಎನ್ನಲಿಲ್ಲ.

ನೆಟ್ ಸೆಂಟರ್ ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. ಈಗ ಅವನಿಗೇ ಇಬ್ಬರು ಮಕ್ಕಳು; ಆದರೂ ಟೀಚರಾದ ನಾನು ಅವನಿಗೆ ಇನ್ನೂ ‘ಬಾಯಾರು’.

“ಬಾಯಾರ, ಒಂದನೇ ಆಪ್ಷನ್ ಏನ್ ಹಾಕ್ಲಿ?”

“ಫಿಜಿಕ್ಸ್.”

“ಎರಡನೇದು?”

“ಇಕನಾಮಿಕ್ಸ್.”

“ಮೂರನೇದು ಖಾಲಿ ಬಿಡ್ಲ್ಯಾ?”

“ಖಾಲಿ ಜಾಗಾ ಬಿಡೋ ಚಟಾ ನಿನಗ ಎಂಟನೇ ಕ್ಲಾಸಿನಿಂದ ಐತಿ. ಗಣಿತ ಹಾಕು.”

ಅವನು ನಕ್ಕು ಹಾಕಿದ. ಕಾಗದ ಹೊರಬಂತು. ಫೈಲಿಗೆ ಸೇರಿಸಿದೆ. ಕೆಲಸ ಮುಗಿದಾಗ ಸಿಗಬೇಕಾದ ಸಮಾಧಾನ ಆ ದಿನ ಸಿಗಲಿಲ್ಲ. ಮನೆಗೆ ಬಂದು ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ.

ಎರಡು ವಾರದ ಮೇಲೆ, ಶನಿವಾರವಲ್ಲದ ದಿನ, ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ಚಪ್ಪಲಿ ಕೂಡ ಬಿಚ್ಚದೆ ಮೊಬೈಲು ನನ್ನ ಮುಂದೆ ಹಿಡಿದಳು. ಎಂಎಸ್ಸಿ ಫಿಜಿಕ್ಸಿನ ಸಂದರ್ಶನಕ್ಕೆ ಬೆಂಗಳೂರಿಗೆ ಬರಬೇಕೆಂಬ ಸಂದೇಶ.

“ಇದೇನ್ರಿ ಆಯಿ?”

“ಒಂದನೇ ಆಪ್ಷನ್ನಿಗೇ ಕರದಾರ. ಛಲೋ ಆತಲ್ಲ.”

“ನಾ ಫಿಜಿಕ್ಸ್ ಆಪ್ಷನ್‌ಗೆ ಹಾಕ್ರಿ ಅಂದಿದ್ದೆ!”

“ಹಾಕೇನಲ್ಲ ಮತ್ತ.”

“ಆಪ್ಷನ್‌ಗೆ ಹಾಕೂದಂದ್ರ ಬಿಡೂದ್ರಿ! ಇಕನಾಮಿಕ್ಸ್ ಒಂದ ತುಂಬ್ರಿ ಅಂದಿದ್ದೆ!” ಆಕೆಯ ದನಿ ಒಡೆಯಿತು. “ನನಗ ಫಿಜಿಕ್ಸ್ ಸಿಗ್ತೈತಿ, ಮಾರ್ಕ್ಸ್ ಅದಾವ. ಅದು ಸಿಕ್ತಂದ್ರ ಇದು ಹೋತು!”

ಈ ಕಡೆಯವರಲ್ಲದವರಿಗೆ ಇದು ತಿಳಿಯಲಿಕ್ಕಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಐದರಲ್ಲಿ ಮೂರಕ್ಕೆ ಉತ್ತರಿಸಿ ಎಂದಿರುತ್ತದಲ್ಲ, ಆ ಧೈರ್ಯದ ಮೇಲೆ ಕೆಲವು ಪಾಠಗಳನ್ನು ಓದದೆ ಬಿಡುವುದಕ್ಕೆ ನಿಪ್ಪಾಣಿಯ ಮರಾಠಿ ಹುಡುಗರು ‘ಆಪ್ಷನ್‌ಲಾ ಟಾಕಲಾ’ ಎನ್ನುತ್ತಾರೆ. ಅದೇ ನಮ್ಮ ಮಕ್ಕಳ ಬಾಯಲ್ಲಿ ‘ಆಪ್ಷನ್‌ಗೆ ಹಾಕೇನಿ’ ಆಗಿದೆ. ಕೈಬಿಟ್ಟೆ ಎಂದು ಅರ್ಥ.

ಬಸ್ಸಿನ ಗದ್ದಲದಲ್ಲಿ ಕೇಳಿಸಲಿಲ್ಲ ಎಂದೆ. ಅದು ನಿಜವೇ. ಆದರೆ ಪೂರ್ತಿ ನಿಜವಲ್ಲ. ಆಕೆ ಒಳಗೆ ಹೋಗಿ ಮುಖ ತೊಳೆಯುತ್ತಿದ್ದಾಗ ನಾನು ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದಾಡಿದೆ. ‘ಬೆಳಕಿನ ಪಾಠ ಆಪ್ಷನ್‌ಗೆ ಹಾಕೇವ್ರಿ ಬಾಯಾರ’ ಎಂದವರನ್ನು ಎಷ್ಟು ವರ್ಷ ಬೆಂಚಿನ ಮೇಲೆ ನಿಲ್ಲಿಸಿಲ್ಲ ನಾನು! ಆ ಮಾತಿನ ಅರ್ಥ ಈ ತಾಲೂಕಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಅಷ್ಟರಲ್ಲಿ ಆಕೆಯ ಅಪ್ಪನ ಫೋನು.

“ಅತ್ತಿ, ಫಿಜಿಕ್ಸಿಗೆ ಕರದಾರಂತಲ್ಲ! ತ್ವಾಟದಾಗ ಎಲ್ಲಾರಿಗೂ ಹೇಳೇನಿ. ನೀವ ಕರ್ಕೊಂಡ್ ಹೋಗಿ ಬರ್ರಿ.”

ಅವನಿಗೆ ಏನೂ ಹೇಳದೆ ಹೂಂ ಎಂದೆ. ಮರುದಿನ ರಾಯಬಾಗದಲ್ಲಿ ಬೆಂಗಳೂರಿನ ರೈಲು ಹತ್ತಿದೆವು. ಹುಡುಗಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಹೊರಗೆ ಕಬ್ಬು, ಮತ್ತೆ ಕಬ್ಬು. ರೈಲು ಘಟಪ್ರಭಾ ದಾಟಿತು. ನಾನು ಟಿಕೆಟ್ ಮೂರು ಸಲ ತೆಗೆದು ನೋಡಿದೆ, ಚೀಲದ ಜಿಪ್ಪು ಎಳೆದೆ, ಬಿಚ್ಚಿದೆ, ಎಳೆದೆ.

“ಸುಮ್ನ ಕುಂದರ್ರಿ ಆಯಿ,” ಎಂದಳು ತಿರುಗದೆಯೇ.

“ನನಗ ಆ ಮಾತಿನ ಅರ್ಥ ಗೊತ್ತಿತ್ತು,” ಎಂದೆ.

ಈಗ ತಿರುಗಿದಳು.

“ನಿನ್ನ ಫೋನ್ ಬಂದಾಗ ನನಗ ಬೇಕಾದಂಗ ಕೇಳಿಸ್ಕೊಂಡೆ. ತಿರುಗಿ ಕೇಳಿದ್ರ ನೀ ಬ್ಯಾಡಂತಿದ್ದಿ. ಅದಕ್ಕ ಕೇಳಲಿಲ್ಲ.”

ಸಿಟ್ಟಿಗೇಳಲಿ ಎಂದು ಕಾದೆ. ಸಿಟ್ಟನ್ನಾದರೆ ನಾನು ನಿಭಾಯಿಸಬಲ್ಲೆ, ನನಗೆ ರೂಢಿಯಿದೆ. ಆಕೆ ಚೀಲದಿಂದ ಚಾದರ ತೆಗೆದು ಮೇಲಿನ ಬರ್ತ್ ಹತ್ತಿದಳು. “ಬೆಳಿಗ್ಗೆ ಆಫೀಸ್ ತೆರೆಯೂದರಾಗ ಹೋಗೂಣ್ರಿ,” ಎಂದಳು ಅಷ್ಟೆ.

ಆಫೀಸು ತೆರೆಯುವ ಮೊದಲೇ ನಾವು ಬಾಗಿಲಲ್ಲಿದ್ದೆವು. ಪ್ರವೇಶದ ಉಸ್ತುವಾರಿ ನೋಡುವವರು ಬಿಳಿ ಅಂಗಿಯ ಒಬ್ಬ ಪಾದ್ರಿ, ನನ್ನ ವಯಸ್ಸಿನವರೇ. ಕನ್ನಡ ಚೆನ್ನಾಗಿ ಆಡುತ್ತಿದ್ದರು, ಕರಾವಳಿಯ ಕಡೆಯ ಕನ್ನಡ.

“ತಪ್ಪು ನಂದು,” ಎಂದು ಶುರು ಮಾಡಿ, ಅರ್ಜಿ, ಫೋನು, ಆಪ್ಷನ್ ಎಲ್ಲವನ್ನೂ ಸಾಲಾಗಿ ಹೇಳಿದೆ. ಅವರು ಕನ್ನಡಕ ತೆಗೆದರು.

“ಆಪ್ಷನ್‌ಗೆ ಹಾಕುವುದು ಅಂದರೆ ಆರಿಸಿಕೊಳ್ಳುವುದು ಅಲ್ವಾ?”

“ನಿಪ್ಪಾಣ್ಯಾಗ ಅಲ್ರಿ ಫಾದರ್,” ಎಂದಳು ಹುಡುಗಿ. “ಅಲ್ಲಿ ಬಿಡೂದು.”

“ಅಂದರೆ ನಿಮ್ಮೂರಲ್ಲಿ ನಾವು ಮೂರು ಆಪ್ಷನ್ ಕೊಡಿ ಅಂದರೆ, ಮೂರು ವಿಷಯ ಬಿಡಿ ಅಂದ ಹಾಗೆ?” ಅವರು ನಕ್ಕರು. “ಇಲ್ಲಿ ಕೂತು ಬಹಳ ಕಾರಣ ಕೇಳಿದ್ದೇನೆ. ಇದು ಹೊಸದು.” ಆಮೇಲೆ ನಗು ನಿಂತಿತು. “ಸಂದರ್ಶನಕ್ಕೆ ಮೊದಲು ಆಪ್ಷನ್ ಬದಲಿಸಲಿಕ್ಕೆ ಅವಕಾಶ ಉಂಟು. ಇಕನಾಮಿಕ್ಸಿನವರ ಸಂದರ್ಶನ ಇವತ್ತು ಮಧ್ಯಾಹ್ನವೇ. ಆದರೆ ಫಿಜಿಕ್ಸ್ ಬಿಟ್ಟೆ ಅಂತ ಬರೆದುಕೊಟ್ಟರೆ ಮತ್ತೆ ಅದನ್ನು ಕೇಳುವ ಹಾಗಿಲ್ಲ. ಇಕನಾಮಿಕ್ಸಿನಲ್ಲಿ ಉಳಿದಿರುವ ಸೀಟು ಕೆಲವೇ. ಎರಡೂ ಹೋಗಬಹುದು. ಯೋಚನೆ ಮಾಡಿ.”

ಯೋಚನೆ ಮಾಡೋಣ, ನಿಮ್ಮ ಅಪ್ಪನಿಗೆ ಒಂದು ಮಾತು ಕೇಳೋಣ, ಕೈಗೆ ಬಂದಂತಿರುವ ಸೀಟು ಬಿಡುವುದು ಬೇಡ. ಮೂರೂ ಮಾತು ನನ್ನ ನಾಲಗೆಯ ತುದಿಗೆ ಬಂದಿದ್ದವು. ಅಷ್ಟರಲ್ಲಿ ಹುಡುಗಿ ಒಂದು ಹಾಳೆ ಕೇಳಿ ಇಸಿದುಕೊಂಡು ನಿಂತೇ ಬರೆಯತೊಡಗಿದ್ದಳು. ನಾಲ್ಕು ಸಾಲು. ‘ಗೌರವಪೂರ್ವಕವಾಗಿ’ ಎಂಬುದನ್ನು ಬಿಟ್ಟಿದ್ದಳು. ನಾನು ತೋರಿಸಲಿಲ್ಲ. ಸಹಿ ಮಾಡಿದಳು.

ಮಧ್ಯಾಹ್ನದವರೆಗೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತೆವು. ಅಂದರೆ ಆಕೆ ಕೂತಿದ್ದಳು. ನಾನು ಏಳುವುದು, ನೋಟೀಸು ಬೋರ್ಡು ಓದುವುದು, ಬಂದು ಕೂರುವುದು ಮಾಡುತ್ತಿದ್ದೆ. ಮೂರನೆಯ ಸಲ ಬಂದಾಗ ಕೇಳಿದೆ, “ಇಕನಾಮಿಕ್ಸ್ ಯಾಕ?”

“ಈಗ ಕೇಳ್ತೀರಲ್ಲ!”

“ಒಳಗ ಅವ್ರೂ ಕೇಳ್ತಾರ. ಹೇಳು.”

ಚಪ್ಪಲಿಯ ತುದಿಯಿಂದ ಮಣ್ಣು ಕೆದಕುತ್ತ ಹೇಳಿದಳು. “ನಮ್ಮಪ್ಪ ಶಾಣ್ಯಾ ಅದಾನಿಲ್ರಿ? ಬಾಜೂ ತ್ವಾಟದ ಕಾಕಾನೂ ಶಾಣ್ಯಾ. ಊರಾಗ ಯಾರನ್ನ ಕೇಳಿದ್ರೂ ಭಾಳ ಲೆಕ್ಕಾ ಹಾಕಿ ಬೆಳೀ ಹಾಕ್ತಾರ. ಆದ್ರ ಎಲ್ಲಾರೂ ಒಂದ ವರ್ಷ ಒಂದ ತರಾ ದ್ರಾಕ್ಷಿ ಹಚ್ತಾರ, ಎಲ್ಲಾರೂ ಕೂಡಿ ಒಂದ ವರ್ಷ ಕಿತ್ತ ಒಗೀತಾರ. ಒಬ್ಬೊಬ್ರು ಶಾಣ್ಯಾರು ಕೂಡಿದ್ರ ಯಾಕ ಹಿಂಗ ಎಡವಟ್ ಆಕ್ಕತಿ ಅನ್ನೂದು ನನಗ ತಿಳೀಬೇಕು. ಅದು ಫಿಜಿಕ್ಸಿನಾಗ ಬರೂದಿಲ್ಲ.”

ಬರುತ್ತದೆ. ಒಂದೊಂದು ಕಣ ಹೇಗೆ ಓಡುತ್ತದೆ ಎಂಬುದು ಬೇರೆ, ಕೋಟಿ ಕಣ ಸೇರಿದ ಗಾಳಿ ಹೇಗೆ ನಡೆಯುತ್ತದೆ ಎಂಬುದು ಬೇರೆ. ಫಿಜಿಕ್ಸಿನಲ್ಲಿ ಅದಕ್ಕೇ ಒಂದು ಇಡೀ ಶಾಖೆಯಿದೆ. ಅದನ್ನು ಹೇಳಲು ಬಾಯಿ ತೆರೆದೆ. ಮುಚ್ಚಿದೆ. ಬದುಕಿನಲ್ಲಿ ಉತ್ತರ ಗೊತ್ತಿದ್ದೂ ಸುಮ್ಮನಿದ್ದದ್ದು ಅದೇ ಮೊದಲಿರಬೇಕು.

“ಹಿಂಗ ಹೇಳು ಒಳಗ,” ಎಂದೆ. “ಇದ ಮಾತಿನಾಗ.”

ಎರಡಕ್ಕೆ ಒಳಗೆ ಹೋದವಳು ಹೊರಗೆ ಬಂದಾಗ ಮೂರಾಗುತ್ತ ಬಂದಿತ್ತು. ಏನು ಕೇಳಿದರು ಎಂದರೆ, “ಭಾಳ ಕೇಳಿದ್ರು. ಎರಡಕ್ಕ ಗೊತ್ತಿಲ್ರಿ ಅಂದೆ,” ಎಂದಳು. ಆಯ್ಕೆಯಾದವರ ಪಟ್ಟಿ ಐದಕ್ಕೆ ಹಚ್ಚುತ್ತೇವೆ ಎಂದರು ಆಫೀಸಿನವರು. ಆ ಎರಡು ತಾಸಿನಲ್ಲಿ ಎರಡೂ ಹೋದರೆ ಅವಳ ಅಪ್ಪನಿಗೆ ಏನು ಹೇಳುವುದು ಎಂಬುದನ್ನು ನಾಲ್ಕು ತರಹ ಜೋಡಿಸಿ ನೋಡಿದೆ. ಒಂದೂ ಸರಿಹೋಗಲಿಲ್ಲ. ಎಲ್ಲದರಲ್ಲೂ ‘ಬಸ್ಸಿನ ಗದ್ದಲ’ ಬಂದು ಸೇರುತ್ತಿತ್ತು.

ಐದಕ್ಕೆ ಒಬ್ಬಾಕೆ ಬಂದು ಹಾಳೆ ಹಚ್ಚಿದರು. ಹುಡುಗಿ ಗುಂಪಿನೊಳಗೆ ನುಗ್ಗಿದಳು. ಬೆನ್ನು ಮಾತ್ರ ಕಾಣುತ್ತಿತ್ತು. ಬಹಳ ಹೊತ್ತು ಅಲ್ಲಾಡಲಿಲ್ಲ ಆ ಬೆನ್ನು. ಆಮೇಲೆ ತಿರುಗಿ ಬಂದು ಬೆಂಚಿನ ಮೇಲೆ ಕುಸಿದಳು.

“ಐತ್ರಿ. ಕಡೀಕಿನ ಹೆಸರ ನಂದ. ಇಕನಾಮಿಕ್ಸ್.”

ನಾನು ಎದ್ದೆ, ಕೂತೆ. ಕೈಚೀಲದಿಂದ ಮೊಬೈಲು ತೆಗೆದು ಅಣ್ಣನ ಮಗನಿಗೆ ಹಚ್ಚಿದೆ. ಆಕೆಗೂ ಕೇಳಲಿ ಎಂದು ಸ್ಪೀಕರ್ ಒತ್ತಿದೆ.

“ಸೀಟ್ ಆತು,” ಎಂದೆ. “ಫಿಜಿಕ್ಸ್ ಅಲ್ಲ, ಇಕನಾಮಿಕ್ಸ್. ಆಕಿ ಮೊದಲಿಂದ ಕೇಳಿದ್ದ ಅದು. ಅರ್ಜಿಯೊಳಗ ಫಿಜಿಕ್ಸ್ ಮ್ಯಾಲ ಹಾಕಿದಾಕಿ ನಾನು, ಬೇಕಂತ. ನೀ ಸಿಟ್ಟ ಮಾಡೂದಿದ್ರ ನನ್ನ ಮ್ಯಾಲ ಮಾಡು.”

ಆ ಕಡೆ ಔಷಧ ಹೊಡೆಯುವ ಟ್ರ್ಯಾಕ್ಟರಿನ ಸದ್ದು. ಹುಡುಗಿ ಉಗುರು ಕಚ್ಚುತ್ತಿದ್ದಳು.

“ಅತ್ತಿ,” ಎಂದ ಕೊನೆಗೆ, “ನಿಮ್ಮ ಮ್ಯಾಲ ಸಿಟ್ಟ ಮಾಡಿದಾವ್ರು ನಮ್ಮ ಮನ್ಯಾಗ ಯಾರದಾರ್ರಿ?” ಯಾರಿಗೋ ಟ್ರ್ಯಾಕ್ಟರು ಬಂದ್ ಮಾಡಲು ಹೇಳಿದ. “ಅದಿರ್ಲಿ. ಅಲ್ಲಿ ಹಾಸ್ಟೆಲ್‌ನ್ಯಾಗ ರೊಟ್ಟಿ ಸಿಗ್ತಾವನ? ಆಕಿಗೆ ಅನ್ನದ ಮ್ಯಾಲ ಜೀವ ಹಿಡಿಯೂದಿಲ್ಲ.”

ನನ್ನ ದೊಡ್ಡ ಹಾಳೆಯಲ್ಲಿ ರೊಟ್ಟಿಗೆ ಕಾಲಮ್ಮೇ ಇರಲಿಲ್ಲ. ಕೇಳಿ ಬರುತ್ತೇನೆ ಎಂದು ನಾನು ಏಳುವಷ್ಟರಲ್ಲಿ ಹುಡುಗಿ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದಳು.