ಅಣ್ಣನಿಗೆ ಬರೆದ ರಿಜಿಸ್ಟರ್ಡ್ ಪತ್ರ

ಮೂವತ್ತು ವರ್ಷದಿಂದ ನಾನು "ಮಾನ್ಯರೇ" ಎಂದು ಬರೆಯುವುದನ್ನು ಕಲಿಸಿಯೇ ಅನ್ನ ತಿನ್ನುತ್ತಿದ್ದೇನೆ. ಹಾಸನದ ಒಂದು ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ವ್ಯವಹಾರ ಬರವಣಿಗೆ ಅಂತ ಒಂದು ಪತ್ರಿಕೆ ಇದೆ, ಅದರ ಮೇಷ್ಟ್ರು ನಾನು. ಅಕೌಂಟೆನ್ಸಿ ಹೇಳುವವರ ಮನೆ ಮುಂದೆ ಟ್ಯೂಷನ್ನಿಗೆ ಬಂದವರ ಸ್ಕೂಟರುಗಳು ಸಾಲಾಗಿ ನಿಲ್ಲುತ್ತವೆ. ನನ್ನನ್ನು ಹುಡುಕಿಕೊಂಡು ಬರುವವರು ಅರ್ಜಿ ಬರೆಸುವವರು ಮಾತ್ರ. ಮದುವೆಮನೆಯಲ್ಲಿ ಪಾಯಸಕ್ಕೆ ಕೈ ಹಾಕಿದ್ದಾಗಲೂ ಪಕ್ಕದೆಲೆಯವರು ಬಗ್ಗಿ, "ಸಾ, ನಮ್ ಬೀದಿ ಲೈಟಿಂದು ಒಂದ್ ಅರ್ಜಿ" ಅಂದದ್ದುಂಟು. ನಾನು ಎಡಗೈಯಲ್ಲಿ ಪೆನ್ನು ತಡಕಿದ್ದೂ ಉಂಟು. ಹೊಗಳಿಕೆಗೆ ನಾನು ಅಷ್ಟು ಬೇಗ ಕರಗುತ್ತೇನೆ.

ಪ್ರತಿವರ್ಷ ಮೊದಲ ತರಗತಿಯಲ್ಲಿ, ಈ ಪತ್ರಿಕೆಯಲ್ಲಿ ಏನೇನಿರುತ್ತದೆ ಅಂತ ಒಂದು ಗಂಟೆ ಹೇಳುತ್ತೇನೆ. ಹೊಳೆನರಸೀಪುರದಿಂದಲೂ ಅರಕಲಗೂಡಿನಿಂದಲೂ ಮೊದಲ ಬಸ್ಸು ಹಿಡಿದು ಬಂದ ಮಕ್ಕಳು ಆಕಳಿಸುತ್ತಲೇ ಕೇಳುತ್ತಾರೆ. ವಿಚಾರಣೆ ಪತ್ರ, ದರ ಕೇಳುವ ಪತ್ರ, ದೂರಿನ ಪತ್ರ, ದೂರಿಗೆ ಉತ್ತರ, ಆಮೇಲೆ ಕೆಲಸಕ್ಕೆ ಅರ್ಜಿ, ಸಭೆಯ ನಡಾವಳಿ. ಹೇಳಬೇಕಾದ್ದನ್ನು ಮೊದಲ ಸಾಲಿನಲ್ಲೇ ಹೇಳಿ. ಸಂಗತಿ ಬರೆಯಿರಿ, ಸಂಕಟ ಬರೆಯಬೇಡಿ. ನಿಮಗೇನು ಬೇಕು, ಯಾವಾಗಿನೊಳಗೆ ಬೇಕು ಅನ್ನುವುದು ಸ್ಪಷ್ಟವಾಗಿರಲಿ. ಪ್ರತಿಯೊಂದು ಪತ್ರದ ನಕಲು ಇಟ್ಟುಕೊಳ್ಳಿ. ಇಷ್ಟು ಪಾಲಿಸಿದರೆ ಯಾವ ಕಚೇರಿಯಲ್ಲೂ ನಿಮ್ಮ ಕೆಲಸ ಆಗುತ್ತದೆ ಅನ್ನುತ್ತೇನೆ. ಸುಳ್ಳಲ್ಲ, ಆಗುತ್ತದೆ. ನನ್ನದು ಆಗಿದೆ. ಅದನ್ನೇ ಹೇಳಲು ಹೊರಟಿದ್ದೇನೆ.

ಹೇಳಬೇಕಾದ್ದು ಮೊದಲ ಸಾಲಿನಲ್ಲೇ ಇರಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿಯಲ್ಲ. ಶ್ರವಣಬೆಳಗೊಳದಲ್ಲಿ ಬಂಡೆಯ ಮೇಲೆ ಕೆತ್ತಿಸಿದವರನ್ನೇ ನೋಡಿ. ದೇವರಿಗೆ ಕೈ ಮುಗಿದು, ಗುರುಗಳನ್ನು ನೆನೆದು, ರಾಜನನ್ನು ಹೊಗಳಿ ಹೊಗಳಿ ಸುಸ್ತಾದ ಮೇಲೆ ಇಷ್ಟು ಗದ್ದೆ ಬಿಟ್ಟೆವು ಅನ್ನುವ ವಿಷಯ ಬರುತ್ತದೆ. ನನ್ನ ತರಗತಿಯಲ್ಲಾದರೆ ಅಂಥ ಶಾಸನಕ್ಕೆ ಹತ್ತಕ್ಕೆ ನಾಲ್ಕು ಅಂಕ. ನಮ್ಮ ಅಣ್ಣನೂ ಆ ಪೈಕಿಯವನೇ. ನಾನು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಅವನಿಂದ ಕಾರ್ಡು ಬರುತ್ತಿತ್ತು. ನಾಲ್ಕನೇ ಕ್ಲಾಸಿಗೇ ನೇಗಿಲು ಹಿಡಿದವನು, ಯಾರ ಕೈಯಲ್ಲೋ ಬರೆಸುತ್ತಿದ್ದ. ಕೆಂಪಿ ಕರು ಹಾಕಿದೆ, ಗಂಡು ಕರು, ನಿಮ್ಮತ್ತಿಗೆಗೆ ನೆಗಡಿ, ದಂಡಿಗನಹಳ್ಳಿ ಸಂತೆಯಲ್ಲಿ ನಿನಗೊಂದು ಟವೆಲ್ಲು ಕೊಂಡಿದ್ದೇನೆ. ಜಾಗವೆಲ್ಲ ಮುಗಿದು ಅಂಚಿನಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ, ಫೀಸಿಗೆ ಮನಿಯಾರ್ಡರ್ ಕಳಿಸಿದ್ದೇನೆ. ಫೀಸು ಅವನಿಗೆ ಮುಖ್ಯ ವಿಷಯವೇ ಅಲ್ಲ ಅನ್ನುವುದು ನನಗೆ ಆಗ ಹೊಳೆದಿರಲಿಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮೂರಲ್ಲಿ ಅಪ್ಪ ಬಿಟ್ಟುಹೋದ ತೆಂಗಿನ ತೋಟ ಭಾಗವಾದಾಗ ಮುಂದಿನ ಭಾಗ ಅಣ್ಣನಿಗೆ, ಹಿಂದಿನದು ನನಗೆ ಬಂತು. ನನ್ನ ತೋಟಕ್ಕೆ ಅವನದರ ಅಂಚಿನಲ್ಲೇ ಹಾದು ಹೋಗಬೇಕು. ಆರು ವರ್ಷದ ಹಿಂದೆ ಕಾಯಿ ಕೊಳ್ಳುವವನು, ದಾರಿ ಇಕ್ಕಟ್ಟು, ಟೆಂಪೋ ಒಳಗೆ ಬರುವುದಿಲ್ಲ ಅಂದ. ಅಣ್ಣ ಆ ಅಂಚಿನಲ್ಲಿ ಹನ್ನೊಂದು ತೆಂಗಿನ ಸಸಿ ಇಟ್ಟಿದ್ದ. ನಾಲ್ಕು ವರ್ಷದವು, ಗರಿ ಬಿಚ್ಚಿ ಹೆಗಲಿಗೆ ತಗಲುತ್ತಿದ್ದವು. ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಆದರೆ ಆ ವಾರ ತರಗತಿಯಲ್ಲಿ ದೂರಿನ ಪತ್ರ ನಡೆಯುತ್ತಿತ್ತು. ಪುಸ್ತಕದಲ್ಲಿರುವ, ಒಡೆದ ಪಿಂಗಾಣಿ ಬಟ್ಟಲಿನ ಮಾದರಿಗಿಂತ ಒಂದು ನಿಜವಾದ ಮಾದರಿ ಮಕ್ಕಳಿಗೆ ಸಿಗಲಿ ಅನ್ನುವ ಉತ್ಸಾಹ ನನಗೆ ಬಂತು. ಉತ್ಸಾಹ ಅಂತ ಮರ್ಯಾದೆಗೆ ಹೇಳಿದೆ. ಅದು ಬರೀ ಜಂಬ.

ಕೂತು ಬರೆದೆ. ವಿಷಯ, ಉಲ್ಲೇಖ, ಸರ್ವೆ ನಂಬರು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ ಎಂದು ಶುರು ಮಾಡಿ, ಹದಿನೈದು ದಿನದೊಳಗೆ ಎಂಟಡಿ ದಾರಿ ತೆರವು ಮಾಡಿಕೊಡತಕ್ಕದ್ದು ಎಂದು ಮುಗಿಸಿದೆ. ಕೊನೆಯಲ್ಲಿ, ಪ್ರತಿಯನ್ನು ಗ್ರಾಮ ಲೆಕ್ಕಿಗರ ಮಾಹಿತಿಗಾಗಿ ಕಳುಹಿಸಿದೆ ಎಂದೂ ಸೇರಿಸಿದೆ. ಪುಣ್ಯಕ್ಕೆ ಅದನ್ನು ಕಳಿಸಲಿಲ್ಲ, ಬರೆದದ್ದು ತೂಕಕ್ಕೆ ಅಷ್ಟೆ. ರಿಜಿಸ್ಟರ್ ಮಾಡಿಸಿ, ಹೆಸರು ಮುಚ್ಚಿ ಜೆರಾಕ್ಸ್ ತೆಗೆಸಿ ತರಗತಿಯಲ್ಲಿ ಹಂಚಿದೆ. ಯಾರಿಗೆ ಬರೆದದ್ದು ಅಂತ ಒಬ್ಬರು ಕೇಳಿದಾಗ ನಿಜವನ್ನೇ ಹೇಳಿದೆ. ಅರಕಲಗೂಡು ಕಡೆಯ ಹುಡುಗಿಯೊಬ್ಬಳು ಎದ್ದು, "ಸ್ವಂತ ಅಣ್ಣಂಗೇನಾ ಸಾ? ಬೇಜಾರ್ ಮಾಡ್ಕಳಕಿಲ್ವಾ ಅವ್ರು?" ಅಂದಳು. "ದಾಖಲೆ ಇರಬೇಕಮ್ಮ" ಅಂದೆ. ತರಗತಿಯೆಲ್ಲ ಅದನ್ನು ಬರೆದುಕೊಂಡಿತು.

ಪತ್ರ ಪೂರ್ತಿ ಯಶಸ್ವಿಯಾಯಿತು. ಹದಿಮೂರನೇ ದಿನಕ್ಕೆ ಅಣ್ಣ ಹನ್ನೊಂದು ಸಸಿಯನ್ನೂ ಕಿತ್ತು ಹಾಕಿ ದಾರಿ ಬಿಟ್ಟಿದ್ದ. ಟೆಂಪೋ ಬಂತು, ಕಾಯಿ ಹೋಯಿತು. ನನ್ನ ವೃತ್ತಿಜೀವನದಲ್ಲಿ ಗಡುವಿಗೆ ಮುಂಚೆ ಫಲ ಕೊಟ್ಟ ಪತ್ರ ಅದೊಂದೇ.

ಆಮೇಲೆ ಅಣ್ಣನ ಫೋನು ನಿಂತಿತು. ಅವರೆಕಾಯಿ ಕಾಲದಲ್ಲಿ ಬಸ್ ಕಂಡಕ್ಟರ್ ಕೈಯಲ್ಲಿ ಬರುತ್ತಿದ್ದ ಚೀಲ ನಿಂತಿತು. ನಾನು ಮಾಡಿದರೆ ಅತ್ತಿಗೆ ಎತ್ತುತ್ತಿದ್ದರು, ಅವರು ತೋಟಕ್ಕೆ ಹೋಗವ್ರೆ ಅನ್ನುತ್ತಿದ್ದರು. ಯಾವ ಹೊತ್ತಿಗೆ ಮಾಡಿದರೂ ತೋಟಕ್ಕೇ ಹೋಗಿರುತ್ತಿದ್ದ. ಕೊನೆಗೊಂದು ದಿನ ಅತ್ತಿಗೆಯೇ ತಡೆಯಲಾರದೆ ಹೇಳಿದರು.

"ನಿನ್ ಕಾಗ್ದ ಬಂದಾಗ ಸಂಜೆ ಡೇರಿ ತಾವ ಹಾಲು ಹಾಕಕ್ಕೆ ನಿಂತಿದ್ರು ಕಣಪ್ಪ. ಪೋಸ್ಟಿನವ್ನು ಅಲ್ಗೇ ತಂದ್ಕೊಟ್ಟ. ನನ್ ತಮ್ಮ ಬರ್ದವ್ನೆ, ಓದಿ ಅಂತ ಸೆಕ್ರೆಟ್ರಿ ಕೈಗೆ ಕೊಟ್ರು. ಖುಷಿಯಾಗೇ ಕೊಟ್ರಂತೆ. ಎಲ್ರೂ ಕ್ಯಾನ್ ಇಟ್ಕಂಡು ಕೇಳ್ತಾ ನಿಂತ್ಕಂಡ್ರು. ಪೂರ್ತಿ ಓದಿ ಮುಗ್ಸಿದ್ ಮ್ಯಾಲೆ ಇವ್ರು ಒಂದೇ ಕೇಳಿದ್ದು. ಅಣ್ಣ ಅಂತ ಎಲ್ಲೂ ಇಲ್ವಾ, ಇನ್ನೊಂದ್ ಸತಿ ನೋಡಿ ಅಂತ. ಸೆಕ್ರೆಟ್ರಿ ಪಾಪ, ಹಿಂದೆ ಮುಂದೆ ತಿರುಗ್ಸಿ ನೋಡುದ್ರಂತೆ."

ಫೋನು ಇಟ್ಟ ಮೇಲೆ ನಾನು ಅತ್ತೆ. ಐವತ್ತು ದಾಟಿದ ಗಂಡಸು, ಮಕ್ಕಳ ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ತಲೆ ಇಟ್ಟು ಅತ್ತೆ. ಆ ಡೇರಿಯ ಸಾಲಿನಲ್ಲಿ ನಿಂತವರೆಲ್ಲ ನನ್ನನ್ನು ಎತ್ತಿ ಆಡಿಸಿದವರು.

ಕ್ಷಮೆ ಕೇಳಬೇಕು ಅಂತ ಕೂತರೆ ನನಗೆ ಬರುವುದು ಒಂದೇ ಧಾಟಿ. ದೂರಿಗೆ ಉತ್ತರ ಬರೆಯುವಾಗ ವಿಷಾದ ಸೂಚಿಸಿ, ತಪ್ಪು ಮಾತ್ರ ಒಪ್ಪಿಕೊಳ್ಳಬೇಡಿ ಅಂತ ಮೂವತ್ತು ವರ್ಷ ಹೇಳಿದ ಕೈ ಅದು. "ಹಿಂದಿನ ಪತ್ರದಿಂದ ತಮಗೆ ಉಂಟಾಗಿರಬಹುದಾದ ಬೇಸರಕ್ಕೆ ವಿಷಾದಿಸಲಾಗಿದೆ" ಎಂದು ಬರೆದದ್ದನ್ನು ಹೆಂಡತಿ ಓದಿ, "ಇದು ಕರೆಂಟ್ ಹೋಗಿದ್ದಕ್ಕೆ ಬರೆದ ಹಾಗಿದೆ" ಅಂದಳು. ಹರಿದೆ. ಕೆಂಪಿಯ ಕರುವಿನ ಹಾಗೆ ಏನಾದರೂ ಬರೆಯೋಣವೆಂದರೆ ನಮ್ಮನೆಯಲ್ಲಿ ಕರು ಹಾಕುವಂಥದ್ದು ಏನೂ ಇಲ್ಲ. ವಾಷಿಂಗ್ ಮೆಷಿನ್ನಿನ ಬಗ್ಗೆ ಒಂದು ಪ್ಯಾರಾ ಬರೆದು ಅದನ್ನೂ ಹರಿದೆ. ಹೀಗೆ ಹರಿಯುತ್ತಲೇ ಐದು ವರ್ಷ ಹೋಯಿತು. ಅಷ್ಟರಲ್ಲಿ ಅವನಿಗೆ ಎಪ್ಪತ್ತಾಗಿತ್ತು. ಕಳೆದ ವರ್ಷ ಹೆಂಡತಿ, "ಬರೆದದ್ದು ಸಾಕು, ಎದ್ದು ಹೋಗಿ" ಅಂತ ಬೈದು ಬಸ್ಸು ಹತ್ತಿಸಿದಳು.

ಅಣ್ಣ ಮನೆ ಮುಂದೆ ಕೂತು ಕಾಯಿ ಸುಲಿಯುತ್ತಿದ್ದ. ಇಷ್ಟು ವರ್ಷ ನನ್ನನ್ನು ಕಂಡ ಕೂಡಲೇ ಅವನ ಬಾಯಲ್ಲಿ ಬರುತ್ತಿದ್ದದ್ದು "ಬಾರ್ಲಾ ಚಿಕ್ಕೋನೇ" ಅಂತ. ನನಗೆ ಮದುವೆಯಾಗಿ ಮಗಳು ಹುಟ್ಟಿ, ಆ ಮಗಳಿಗೂ ಮದುವೆಯಾದ ಮೇಲೂ ನಾನು ಚಿಕ್ಕೋನೇ. ಅವತ್ತು ಎದ್ದು ನಿಂತ. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಬನ್ನಿ ಸಾ. ಕೂತ್ಕಳಿ" ಅಂದ.

ಕುಹಕವೇನಾದರೂ ಇದೆಯೇ ಅಂತ ಅವನ ಮುಖ ನೋಡಿದೆ. ಇರಲಿಲ್ಲ. ಕಚೇರಿಯವರು ಬಂದರೆ ಹೇಗೆ ಮಾತಾಡಿಸಬೇಕೋ ಹಾಗೆ ಮಾತಾಡಿಸುತ್ತಿದ್ದ. ನಾನು ಕಾಲಿಗೆ ಬಿದ್ದೆ. "ತಪ್ಪಾಯ್ತಣ್ಣ" ಅಂದೆ. "ಅಯ್ಯೋ, ಏಳಿ, ಏಳಿ. ತಪ್ಪೇನೈತೆ ಅದ್ರಾಗೆ" ಅಂತ ಎಬ್ಬಿಸಿ, ತೋಟಕ್ಕೆ ಕರಕೊಂಡು ಹೋಗಿ ದಾರಿ ತೋರಿಸಿದ. "ನೀವು ಎಂಟಡಿ ಅಂದಿದ್ರಿ. ಒಂದಡಿ ಜಾಸ್ತೀನೇ ಬುಟ್ಟಿವ್ನಿ. ಸಾಲ್ದು ಅಂದ್ರೆ ಹೇಳಿ." ನನ್ನ ಪತ್ರಕ್ಕೆ ಐದು ವರ್ಷದ ಮೇಲೆ ಉತ್ತರ ಸಿಕ್ಕಿತ್ತು. ಹೇಳಬೇಕಾದ್ದೆಲ್ಲ ಮೊದಲ ಮಾತಿನಲ್ಲೇ ಇತ್ತು, ಸಂಕಟದ ಒಂದು ಅಕ್ಷರವೂ ಇರಲಿಲ್ಲ. ಅಂಕ ಕೊಡುವುದಾದರೆ ಪೂರ್ತಿ ಕೊಡಬೇಕು.

ಅಲ್ಲಿಂದೀಚೆಗೆ ವಾರ ಬಿಟ್ಟು ವಾರ ಭಾನುವಾರ ಹೋಗುತ್ತಿದ್ದೆ, ಈಗೀಗ ಪ್ರತಿ ಭಾನುವಾರವೂ ಹೋಗುತ್ತೇನೆ. ಕಾಯಿ ಎಣಿಸುವ ನೆಪ ಸಾಕಾಗದೆ, ಯಾವ ನೆಪವೂ ಇಲ್ಲದೆ ಹೋಗುತ್ತೇನೆ. ಅಣ್ಣ ಕುರ್ಚಿ ಹಾಕುತ್ತಾನೆ, ಎಳನೀರು ಕೆತ್ತಿ ಕೊಡುತ್ತಾನೆ, ಊಟಕ್ಕೆ ಏಳಿ ಅನ್ನುತ್ತಾನೆ. ಯಾವುದಕ್ಕೂ ಕಡಿಮೆ ಮಾಡುವುದಿಲ್ಲ. ಅತ್ತಿಗೆ ಒಳಗಿನಿಂದ "ಇನ್ನೊಂದ್ ಮುದ್ದೆ ಉಣ್ಣು" ಅಂತ ಕೂಗಿದರೆ ಆ ಒಂದು "ಉಣ್ಣು" ಕೇಳಿ ನಾನು ಹೊಟ್ಟೆ ತುಂಬಿದ್ದರೂ ತಟ್ಟೆ ಒಡ್ಡುತ್ತೇನೆ. ಮರ್ಯಾದೆಗಾಗಿ ಜನ ಏನೆಲ್ಲ ಒದ್ದಾಡುತ್ತಾರೆ. ಬೇಕಾದವರಿಗೆ ನನ್ನದನ್ನು ಕೊಟ್ಟುಬಿಡುತ್ತೇನೆ.

ಹೋದ ಭಾನುವಾರ ಇಬ್ಬರೂ ತೋಟಕ್ಕೆ ಹೊರಟಿದ್ದೆವು, ಅವನು ಮುಂದೆ, ನಾನು ಹಿಂದೆ. ಕಾಲುವೆಗೆ ಅಡ್ಡ ಹಾಕಿದ ಚಪ್ಪಡಿ ಪಾಚಿ ಕಟ್ಟಿತ್ತು. ನನ್ನ ಕಾಲೇಜಿನ ಚಪ್ಪಲಿ ಸವೆದು ನುಣ್ಣಗಾಗಿದೆ. ಜಾರಿದೆ. ಒಂದು ಕಾಲು ನೀರಿನಲ್ಲಿ, ಮಂಡಿ ಕಲ್ಲಿಗೆ. ಅಣ್ಣ ತಿರುಗಿದವನೇ, "ಲೇ ಚಿಕ್ಕೋನೇ! ನೋಡ್ಕಂಡ್ ಬಾರ್ಲಾ, ಕಣ್ ಕಾಣಕಿಲ್ವಾ!" ಅಂತ ಕೂಗಿ ರಟ್ಟೆ ಹಿಡಿದು ಎಳೆದ.

ನಾನು ಅವನ ಮುಖವನ್ನೇ ನೋಡಿದೆ. ಅವನಿಗೂ ಗೊತ್ತಾಯಿತು. ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದು ಆಮೇಲೆ ರಟ್ಟೆ ಬಿಟ್ಟ. "ನಿಧಾನುಕ್ಕೆ ಬನ್ನಿ. ಕಲ್ಲು ಜಾರ್ತದೆ" ಅಂದು ಮುಂದೆ ನಡೆದ.

ಮಂಡಿ ಇನ್ನೂ ಊದಿಕೊಂಡಿದೆ. ಹೆಂಡತಿ ಎಣ್ಣೆ ತಿಕ್ಕುತ್ತಾ, ಇನ್ನು ಮೇಲೆ ಹೊಸ ಚಪ್ಪಲಿ ಹಾಕಿಕೊಂಡು ಹೋಗಿ ಅನ್ನುತ್ತಾಳೆ. ಹೂಂ ಅಂದಿದ್ದೇನೆ. ಆದರೆ ಈ ಭಾನುವಾರವೂ ಹಳೆಯದನ್ನೇ ಹಾಕಿಕೊಂಡು ಹೋಗುತ್ತೇನೆ.